ಕ್ಯಾಮೆರಾ ಬೇಕಾ, ಬೀಟ್ ಬೇಕಾ, ಬೀದಿ ದೀಪ ಬೇಕಾ? ಅಪರಾಧ ತಡೆಯಲು ಸರ್ಕಾರದಿಂದ ಏನು ಕೇಳಬೇಕು

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಕಳೆದ ವರ್ಷ ಒಂದೇ ತಿಂಗಳಲ್ಲಿ ಎರಡು ಸರಗಳ್ಳತನ ಆದವು. ಎರಡನೆಯದಾದ ಮೇಲೆ ಭಾನುವಾರ ಸಂಜೆ ಸಮುದಾಯ ಭವನದಲ್ಲಿ ಸಭೆ ಸೇರಿತು. ಠಾಣೆಯಿಂದ ಎಎಸ್‌ಐ ಒಬ್ಬರು ಬಂದಿದ್ದರು. ಮೂಲೆ ಮೂಲೆಗೂ ಕ್ಯಾಮೆರಾ ಹಾಕಿಸಿ ಅಂತ ಒಬ್ಬರು ಹೇಳಿದರು. ಪೊಲೀಸರ ಹೊಯ್ಸಳ ಗಸ್ತು ಗಾಡಿ ರಾತ್ರಿಯಿಡೀ ಸುತ್ತಲಿ ಅಂತ ಇನ್ನೊಬ್ಬರು. ಇಂಥವರಿಗೆ ಬೇಲೇ ಕೊಡಬಾರದು, ಕಾನೂನು ಬಿಗಿ ಆಗಬೇಕು ಅಂತ ಹಿಂದಿನ ಸಾಲಿನಿಂದ ಕೂಗು ಬಂತು. ಎಎಸ್‌ಐ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಈ ವರ್ಷ ಏನಾದರೂ ಕಳೆದುಕೊಂಡವರು ಕೈ ಎತ್ತಿ" ಅಂದರು. 19 ಕೈ ಎದ್ದವು. "ದೂರು ಕೊಟ್ಟವರು ಮಾತ್ರ ಎತ್ತಿ" ಅಂದರು. 6 ಉಳಿದವು.

ಆ ವಾರವೇ ನಾನೊಂದು ನೋಟ್‌ಬುಕ್ ಹಿಡಿದು ಆ 19 ಮನೆಗಳಿಗೂ ಹೋಗಿ ಬಂದೆ. ಏನು ಹೋಯ್ತು, ಎಲ್ಲಿ, ಎಷ್ಟು ಗಂಟೆಗೆ, ಇಷ್ಟು ಮಾತ್ರ ಕೇಳಿ ಬರೆದುಕೊಂಡೆ. 2 ಸರ, 5 ಬೈಕ್ ಮತ್ತು ಸ್ಕೂಟರ್, 4 ಮೊಬೈಲ್, 2 ಮನೆಗಳ್ಳತನ, 6 ಫೋನಿನಲ್ಲಿ ನಡೆದ ಮೋಸ. ಸರ, ಗಾಡಿ, ಮೊಬೈಲ್ ಸೇರಿ 11 ಆಯ್ತಲ್ಲ, ಅದರಲ್ಲಿ 8 ಒಂದೇ ಜಾಗದಲ್ಲಿ ನಡೆದಿದ್ದವು: ಬಸ್ ಸ್ಟಾಪಿನಿಂದ ಪಾರ್ಕಿನ ಹಿಂದಿನ ಗೇಟಿನವರೆಗಿನ ರಸ್ತೆ. ಇನ್ನೊಂದು ವಿಷಯ ನೋಡಿ ನನಗೆ ನಿಜಕ್ಕೂ ಗಾಬರಿ ಆಯ್ತು. ಫೋನ್ ಮೋಸದಲ್ಲಿ ಹೋದ ದುಡ್ಡು, ಉಳಿದ 13 ಕಳವುಗಳಲ್ಲಿ ಹೋದ ಎಲ್ಲದಕ್ಕಿಂತ ಜಾಸ್ತಿ ಇತ್ತು. ಸಭೆಯಲ್ಲಿ ಅದರ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅಪರಾಧ ತಡೆಯಲು ಸರ್ಕಾರದ ಕೈಯಲ್ಲಿ ಹಲವು ದಾರಿಗಳಿವೆ. ಎಲ್ಲಕ್ಕೂ ದುಡ್ಡು ಬೇಕು, ಜನ ಬೇಕು. ಎಲ್ಲವೂ ಒಟ್ಟಿಗೆ ಸಿಗುವುದಿಲ್ಲ. ಶಾಸಕರ ಮುಂದೆಯೋ, ವಾರ್ಡ್ ಸಮಿತಿಯಲ್ಲೋ, ಪಂಚಾಯಿತಿಯ ಗ್ರಾಮಸಭೆಯಲ್ಲೋ ನಿಂತು "ನಮಗೆ ಇದು ಬೇಕು" ಅಂತ ಕೇಳುವ ಮೊದಲು ಯಾವುದು ಯಾವುದಕ್ಕೆ ಕೆಲಸ ಮಾಡುತ್ತದೆ ಅಂತ ತಿಳಿದಿರಬೇಕು. ಅದಕ್ಕೇ ಈ ಬರಹ.

ಮೊದಲು ದೂರು, ಆಮೇಲೆ ಉಳಿದದ್ದು

ದಾಖಲಾಗದ ಕಳವು ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. ಠಾಣೆಗೆ ಎಷ್ಟು ಸಿಬ್ಬಂದಿ, ಯಾವ ರಸ್ತೆಗೆ ಗಸ್ತು ಅನ್ನುವುದನ್ನು ದಾಖಲಾದ ಪ್ರಕರಣ ನೋಡಿಯೇ ನಿರ್ಧರಿಸುತ್ತಾರೆ. ನಮ್ಮ ಬಡಾವಣೆಯ 13 ಜನ ದೂರು ಕೊಡದೆ ಸುಮ್ನೆ ಇದ್ದದ್ದರಿಂದ ಕಾಗದದ ಮೇಲೆ ನಮ್ಮದು ಶಾಂತವಾದ ಬಡಾವಣೆ!

ಇದರಿಂದಲೇ ಅಂಕಿಅಂಶ ಓದುವಾಗ ಎಚ್ಚರ ಬೇಕು. ಕೇರಳದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ದಾಖಲಾಗುವ ಪ್ರಕರಣಗಳು ತುಂಬಾ ಜಾಸ್ತಿ. ಹಾಗಂತ ಅಲ್ಲಿ ಕಳ್ಳರು ಜಾಸ್ತಿ ಅಂತ ಅಲ್ಲ, ಅಲ್ಲಿ ದೂರು ಕೊಡುವುದು ಸುಲಭ. ಪ್ರಕರಣಗಳು ಹೆಚ್ಚಾದ ಮಾತ್ರಕ್ಕೆ ಅಪರಾಧ ಹೆಚ್ಚಾಯ್ತು ಅಂತ ತಿಳಿಯಬೇಡಿ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ತನ್ನ ವರದಿಯಲ್ಲೇ ಹೇಳುತ್ತದೆ. ಯಾವುದಾದರೂ ಸರ್ಕಾರ "ನಮ್ಮ ಕಾಲದಲ್ಲಿ ಅಪರಾಧ ಇಳಿದಿದೆ" ಅಂದರೆ ನಾನು ಮೊದಲು ಕೇಳುವುದು, ಎಫ್‌ಐಆರ್ ಮಾಡಿಸುವುದು ಸುಲಭ ಆಗಿದೆಯಾ, ಕಷ್ಟ ಆಗಿದೆಯಾ ಅಂತ. ಅಧಿಕಾರಿಯನ್ನು ಬರೀ ಸಂಖ್ಯೆ ನೋಡಿ ಅಳೆದರೆ, ಸಂಖ್ಯೆ ಇಳಿಸುವ ಸುಲಭದ ದಾರಿ ದೂರು ಬರೆದುಕೊಳ್ಳದೆ ಇರುವುದು.

ಕಾನೂನು ನಮ್ಮ ಪರವಾಗಿದೆ. ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಆನ್‌ಲೈನಿನಲ್ಲೂ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ಒಪ್ಪದಿದ್ದರೆ ಎಸ್‌ಪಿಗೆ ಬರೆದು ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆ ಇರುವ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶ ಇದೆ. "ಆಮೇಲೆ ನೋಡೋಣ" ಅಂದರೆ ಆ 14 ದಿನದ ಲೆಕ್ಕವನ್ನು ನೀವು ಇಟ್ಟುಕೊಳ್ಳಿ.

ಈ ಬರಹದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ, ದೂರು ದಾಖಲಾಗಲೇಬೇಕು ಅನ್ನುವುದನ್ನು ಇಟ್ಟುಕೊಳ್ಳಿ. ಉಳಿದ ಎಲ್ಲ ಆಯ್ಕೆಗಳೂ ದಾಖಲಾದ ದೂರುಗಳ ಲೆಕ್ಕದ ಮೇಲೆಯೇ ನಿಂತಿವೆ.

ಕ್ಯಾಮೆರಾ: ಎಲ್ಲರೂ ಕೇಳುವುದು ಇದನ್ನೇ

ಕ್ಯಾಮೆರಾ ಕಣ್ಣಿಗೆ ಕಾಣುತ್ತದೆ. ಉದ್ಘಾಟನೆ ಮಾಡಬಹುದು. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಇರುವ ನಿರ್ಭಯಾ ನಿಧಿಯ ದುಡ್ಡಿನಿಂದ ನಗರದಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆ. ಅವನ್ನು ನೋಡಲು ಕಮಾಂಡ್ ಸೆಂಟರ್ ಕೂಡ ಇದೆ. ಅದಲ್ಲದೆ ಜನ ಗುಂಪು ಸೇರುವ ಅಂಗಡಿ, ಮಾಲ್, ಆಸ್ಪತ್ರೆಯಂಥ ಕಡೆ ಮಾಲೀಕರೇ ಕ್ಯಾಮೆರಾ ಹಾಕಿಸಿ 30 ದಿನ ದೃಶ್ಯ ಇಟ್ಟುಕೊಳ್ಳಬೇಕು ಅಂತ ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ.

ಇದರಿಂದ ಅಪರಾಧ ಎಷ್ಟು ತಗ್ಗುತ್ತದೆ? ಹಲವು ದೇಶಗಳ 40 ವರ್ಷಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಕ್ಯಾಮೆರಾ ಹಾಕಿದ ಕಡೆ ಸರಾಸರಿ ಶೇ 13ರಷ್ಟು ಇಳಿಕೆ ಕಂಡಿತ್ತು. ವಾಹನ ನಿಲ್ಲಿಸುವ ಜಾಗಗಳಲ್ಲಿ ಮಾತ್ರ ಶೇ 37. ಹೊಡೆದಾಟ, ಹಲ್ಲೆಯಂಥವುಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಇರಲಿಲ್ಲ. ಕುಡಿದು ಸಿಟ್ಟಿಗೆದ್ದವನು ಕಂಬದ ಮೇಲೆ ಕ್ಯಾಮೆರಾ ಇದೆಯಾ ಅಂತ ತಲೆ ಎತ್ತಿ ನೋಡುವುದಿಲ್ಲ. ಇನ್ನೊಂದು ಮಾತೂ ಅಲ್ಲಿತ್ತು. ಪರದೆಯ ಮುಂದೆ ಯಾರಾದರೂ ಕೂತು ನೋಡುತ್ತಿದ್ದು, ಏನಾದರೂ ಕಂಡ ಕೂಡಲೇ ಗಾಡಿ ಕಳಿಸುವ ವ್ಯವಸ್ಥೆ ಇದ್ದಲ್ಲಿ ಫಲಿತಾಂಶ ಚೆನ್ನಾಗಿತ್ತು.

ಅಂದರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಬೈಕಿಗೆ ಕ್ಯಾಮೆರಾ ಒಳ್ಳೆಯ ಕಾವಲು. ಸರಗಳ್ಳತನಕ್ಕೆ ಅಷ್ಟಿಲ್ಲ. ಸರ ಕೀಳಲು ಬರುವವರು ಹೆಲ್ಮೆಟ್ ಹಾಕಿರುತ್ತಾರೆ. ಗಾಡಿ ಕದ್ದದ್ದಿರುತ್ತದೆ, ನಂಬರ್ ಪ್ಲೇಟ್ ಬೇರೆಯದಿರುತ್ತದೆ. ನಮ್ಮ ಎರಡನೇ ಸರಗಳ್ಳತನ ಒಂದು ಮನೆಯ ಕ್ಯಾಮೆರಾದಲ್ಲಿ ಪೂರ್ತಿ ಸಿಕ್ಕಿತ್ತು. ಎರಡು ಹೆಲ್ಮೆಟ್, ಒಂದು ಕಪ್ಪು ಗಾಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು. ಹಾಗಂತ ತನಿಖೆಗೆ ಪ್ರಯೋಜನ ಇಲ್ಲ ಅಂತಲ್ಲ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹಿಂಬಾಲಿಸುತ್ತಾ ಹೋಗಿ ಕಳ್ಳರ ಮನೆ ಮುಟ್ಟಿದ ಪೊಲೀಸರು ಇದ್ದಾರೆ. ಅದಕ್ಕೆ ಕೂತು ನೋಡುವ ಜನ ಬೇಕು, ದಿನಗಟ್ಟಲೆ ತಾಳ್ಮೆ ಬೇಕು.

ಕ್ಯಾಮೆರಾ ಕೇಳುವುದಾದರೆ ಜೊತೆಗೆ ನಾಲ್ಕು ಪ್ರಶ್ನೆ ಕೇಳಿ. ಯಾರು ನೋಡುತ್ತಾರೆ? ಎಷ್ಟು ದಿನ ಉಳಿಯುತ್ತದೆ? ಕೆಟ್ಟರೆ ರಿಪೇರಿ ಮಾಡಿಸುವವರು ಯಾರು, ದುಡ್ಡು ಎಲ್ಲಿಂದ? ಆ ದೃಶ್ಯ ಯಾರ ಕೈಗೆ ಸಿಗುತ್ತದೆ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಂಬದ ಮೇಲೆ ಬರೀ ಡಬ್ಬಿ ಉಳಿಯುತ್ತದೆ. ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಲ್ಲ, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಹಾಕಿದ ಕ್ಯಾಮೆರಾ ಅವರು ಎಲ್ಲಿ ಹೋಗುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ಅಂತ ನೋಡುವ ಕಿಂಡಿ ಆಗಬಾರದು.

ಗಸ್ತು: ಸುತ್ತುವುದಕ್ಕಿಂತ ನಿಲ್ಲುವುದು ಮುಖ್ಯ

ಗಾಡಿ ರಾತ್ರಿಯೆಲ್ಲಾ ಸುತ್ತಿದರೆ ಕಳ್ಳರು ಹೆದರುತ್ತಾರೆ ಅಂತ ನಾನೂ ನಂಬಿದ್ದೆ. ಅಮೆರಿಕದ ಕಾನ್ಸಾಸ್ ಸಿಟಿಯ ಪೊಲೀಸರು 1972ರ ಅಕ್ಟೋಬರಿನಿಂದ ಒಂದು ವರ್ಷ ಇದನ್ನೇ ಪರೀಕ್ಷೆ ಮಾಡಿದರು. 15 ಗಸ್ತಿನ ಪ್ರದೇಶಗಳನ್ನು, ಅಂದರೆ ಬೀಟ್‌ಗಳನ್ನು, ಐದೈದರ ಮೂರು ಗುಂಪು ಮಾಡಿದರು. ಒಂದರಲ್ಲಿ ಎಂದಿನಷ್ಟೇ ಗಸ್ತು, ಒಂದರಲ್ಲಿ ಎರಡು ಮೂರು ಪಟ್ಟು, ಇನ್ನೊಂದರಲ್ಲಿ ಕರೆ ಬಂದರೆ ಮಾತ್ರ ಗಾಡಿ. ವರ್ಷ ಕಳೆದ ಮೇಲೆ ನೋಡಿದರೆ ಮೂರರ ನಡುವೆ ಅಪರಾಧದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಗಸ್ತು ಹೆಚ್ಚಿಸಿದ್ದು, ಕಡಿಮೆ ಮಾಡಿದ್ದು ಜನರ ಗಮನಕ್ಕೂ ಬಂದಿರಲಿಲ್ಲ.

ಹಾಗಾದರೆ ಪೊಲೀಸರು ಇದ್ದೂ ಪ್ರಯೋಜನ ಇಲ್ಲವಾ? ಇದೆ. ಎಲ್ಲಿ ಇರುತ್ತಾರೆ ಅನ್ನುವುದೇ ಮುಖ್ಯ. ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬರುವ ಕರೆಗಳನ್ನು ವಿಳಾಸದ ಪ್ರಕಾರ ಜೋಡಿಸಿದಾಗ, ಬರೀ ಶೇ 3ರಷ್ಟು ವಿಳಾಸಗಳಿಂದ ಅರ್ಧದಷ್ಟು ಕರೆ ಬರುತ್ತಿತ್ತು ಅಂತ ಗೊತ್ತಾಯ್ತು. ಆಮೇಲೆ ಅಂಥ ಜಾಗಗಳಲ್ಲೇ ಪೊಲೀಸರನ್ನು ನಿಲ್ಲಿಸಿ ನೋಡಿದರು. ಫಲ ಸಿಕ್ಕಿತು. ಇಡೀ ದಿನ ನಿಲ್ಲಬೇಕಾಗಿಯೂ ಇಲ್ಲ, ಒಂದು ಜಾಗದಲ್ಲಿ 10ರಿಂದ 15 ನಿಮಿಷ ನಿಂತು ಹೋದರೆ ಅವರು ಹೋದ ಮೇಲೂ ಸ್ವಲ್ಪ ಹೊತ್ತು ಅದರ ಪ್ರಭಾವ ಇರುತ್ತದೆ. ಇಲ್ಲಿ ತಡೆದರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನೆ ಅಲ್ವಾ ಅಂತ ನಮ್ಮ ಸಭೆಯಲ್ಲೂ ಕೇಳಿದರು. ಇಂಥ ಪ್ರಯೋಗಗಳಲ್ಲಿ ಬಹುಪಾಲು ಹಾಗೆ ಆಗಿಲ್ಲ. ಅಕ್ಕಪಕ್ಕದ ಬೀದಿಗಳಿಗೂ ಸ್ವಲ್ಪ ಲಾಭವೇ ಆಗಿದೆ.

ಫಿಲಡೆಲ್ಫಿಯಾದಲ್ಲಿ 2009ರ ಬೇಸಿಗೆಯಲ್ಲಿ 60 ಕಡೆ ಪೊಲೀಸರನ್ನು ಕಾಲ್ನಡಿಗೆಯಲ್ಲಿ ಬಿಟ್ಟರು. ಹಿಂಸೆಯ ಪ್ರಕರಣ ಶೇ 23ರಷ್ಟು ಇಳಿದವು. ಗಸ್ತು ನಿಲ್ಲಿಸಿದ ಮೇಲೆ ಲಾಭವೂ ಕರಗಿತು. ಹಾಗಾಗಿ ಬೀಟ್ ಅಂದರೆ ಪ್ರತಿ ತಿಂಗಳು ಬೀಳುವ ಖರ್ಚು. ಒಮ್ಮೆ ಮಾಡಿ ಬಿಟ್ಟರೆ ಆಗುವುದಿಲ್ಲ.

ನಮ್ಮ ದೇಶದ್ದೇ ಒಂದು ಪಾಠ ಇದೆ. ರಾಜಸ್ಥಾನದಲ್ಲಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಎರಡು ಬಗೆಯ ನಾಕಾ, ಅಂದರೆ ರಸ್ತೆ ತಪಾಸಣೆ, ಹಾಕಿದರು. ಕೆಲವು ಠಾಣೆಗಳು ಪ್ರತಿ ಸಲ ಅದೇ ಒಳ್ಳೆಯ ಜಾಗದಲ್ಲಿ. ಕೆಲವು ಠಾಣೆಗಳು ಮೂರು ಜಾಗ ಬದಲಿಸುತ್ತಾ, ಮುಂಚೆ ಗೊತ್ತಾಗದ ಹಾಗೆ. ಜಾಗ ಬದಲಿಸಿದ ಕಡೆ ರಾತ್ರಿ ಅಪಘಾತ ಶೇ 17, ಸಾವು ಶೇ 25 ಕಡಿಮೆ ಆದವು. ಒಂದೇ ಜಾಗದಲ್ಲಿ ಹಾಕಿದ್ದು ಹೆಚ್ಚೇನೂ ಕೆಲಸ ಮಾಡಲಿಲ್ಲ. ಜನ ಬೇಗ ಕಲಿಯುತ್ತಾರೆ, ಒಳದಾರಿ ಹಿಡಿಯುತ್ತಾರೆ. ನಮ್ಮಲ್ಲೂ ಆ ಫ್ಲೈಓವರ್ ಕೆಳಗೆ ಶನಿವಾರ ನಾಕಾ ಇರುತ್ತದೆ ಅಂತ ಎಲ್ಲರಿಗೂ ಬಾಯಿಪಾಠ.

ಕರ್ನಾಟಕದಲ್ಲಿ 2017ರಿಂದ ಹೊಸ ಬೀಟ್ ವ್ಯವಸ್ಥೆ ಇದೆ. ಠಾಣೆಯ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಪ್ರದೇಶ ಒಪ್ಪಿಸಿ, ಅಲ್ಲಿನ ನಾಗರಿಕರನ್ನು ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳುವುದು. 2025ರಲ್ಲಿ "ಮನೆ ಮನೆಗೆ ಪೊಲೀಸ್" ಕೂಡ ಶುರುವಾಯ್ತು. ಯೋಚನೆ ತುಂಬಾ ಒಳ್ಳೆಯದು. ಬಾಗಿಲು ತಟ್ಟಿ ಮಾತಾಡಿಸಿದ ಪೊಲೀಸರಿಗೆ ಜನ ಹೇಳುವ ಮಾತು, ಠಾಣೆಯ ಮೆಟ್ಟಿಲು ಹತ್ತಿ ಹೇಳುವುದಿಲ್ಲ. ತೊಂದರೆ ಬರುವುದು ಎರಡು ಕಡೆಯಿಂದ. ಒಂದು ಬಂದೋಬಸ್ತ್. ಹಬ್ಬ, ಜಾತ್ರೆ, ಪ್ರತಿಭಟನೆ, ಗಣ್ಯರ ಭೇಟಿ ಅಂತ ಬೀಟ್ ಸಿಬ್ಬಂದಿಯನ್ನೇ ಎಳೆದುಕೊಂಡು ಹೋಗುತ್ತಾರೆ. ಇನ್ನೊಂದು ವರ್ಗಾವಣೆ. ಬೀದಿಯ ಗುರುತು ಹಿಡಿಯುವಷ್ಟರಲ್ಲಿ ಅವರು ಬೇರೆ ಕಡೆ. ರಾಜಸ್ಥಾನದ 162 ಠಾಣೆಗಳಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ವರ್ಗಾವಣೆ ತಡೆದು ತರಬೇತಿ ಕೊಟ್ಟ ಕಡೆ ದೂರುದಾರರ ಸಮಾಧಾನ ಹೆಚ್ಚಿತು. ಠಾಣೆಯಲ್ಲಿ ಊರಿನ ಜನರನ್ನು ವೀಕ್ಷಕರಾಗಿ ಕೂರಿಸಿದ್ದರಿಂದ ಅಂಥ ಬದಲಾವಣೆ ಆಗಲಿಲ್ಲ. ಠಾಣಾಧಿಕಾರಿಗೆ ಕನಿಷ್ಠ 2 ವರ್ಷ ಒಂದೇ ಕಡೆ ಅವಧಿ ಕೊಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಸುಮ್ನೆ ಅಲ್ಲ.

ದೀಪ, ಬೀಗ, ಗಿರವಿ ಅಂಗಡಿ

ಇದು ನನಗೆ ತುಂಬಾ ಇಷ್ಟವಾದ ದಾರಿ. ಯಾರನ್ನೂ ಹೊಡೆಯಬೇಕಾಗಿಲ್ಲ, ಯಾರನ್ನೂ ಒಳಗೆ ಹಾಕಬೇಕಾಗಿಲ್ಲ. ಕದಿಯುವುದನ್ನೇ ಕಷ್ಟ ಮಾಡಿಬಿಡುವುದು.

2016ರಲ್ಲಿ ನ್ಯೂಯಾರ್ಕ್ ನಗರದವರು ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ ಮಾತ್ರ ಪ್ರಖರವಾದ ದೀಪದ ಕಂಬ ನಿಲ್ಲಿಸಿದರು. ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು ಶೇ 36 ಇಳಿಯಿತು. ಕ್ಯಾಮೆರಾದ ಶೇ 13ರ ಪಕ್ಕ ಇಟ್ಟು ನೋಡಿ. ಊರು ಬೇರೆ, ಅಪರಾಧ ಬೇರೆ, ಅಲ್ಲಿನ ಸಂಖ್ಯೆ ನಮ್ಮಲ್ಲೂ ಹಾಗೇ ಬರುತ್ತದೆ ಅಂತ ಹೇಳಲಾಗದು. ಆದರೂ ನನ್ನ ನೋಟ್‌ಬುಕ್ಕಿನ ಆ 8 ಘಟನೆಗಳಲ್ಲಿ 6 ಕತ್ತಲಾದ ಮೇಲೆ ಆದವು. ಆ ರಸ್ತೆಯಲ್ಲಿ 9 ಕಂಬ ಇವೆ, 4ರಲ್ಲಿ ದೀಪ ಉರಿಯುತ್ತಿರಲಿಲ್ಲ. ಪಾಲಿಕೆಗೆ ದೂರು ಕೊಡಲು ಒಂದು ಫೋನ್ ಸಾಕಿತ್ತು.

ಗಾಡಿ ಕಳವಿಗೆ ಬಂದರೆ, ಪಶ್ಚಿಮ ಜರ್ಮನಿಯ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅಲ್ಲಿ 1980ರಿಂದ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ಸ್ಥಳದಲ್ಲೇ ದಂಡ ಹಾಕತೊಡಗಿದರು. ತಲೆ ಉಳಿಸಲು ಮಾಡಿದ ನಿಯಮ ಅದು. ಆ ವರ್ಷ ಸುಮಾರು 1.5 ಲಕ್ಷ ಮೋಟಾರ್ ಬೈಕ್ ಕಳವಾಗಿದ್ದವು. 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಇಳಿಯಿತು. ಕಾರಣ ಸರಳ. ದಾರಿಯಲ್ಲಿ ಹೋಗುತ್ತಾ ಒಂದು ಬೈಕ್ ಕಂಡು ಆಸೆಪಟ್ಟವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಹೆಲ್ಮೆಟ್ ಇಲ್ಲದೆ ಓಡಿಸಿದರೆ ಮೊದಲ ಸಿಗ್ನಲ್ಲಿನಲ್ಲೇ ಸಿಕ್ಕಿಬೀಳುತ್ತಾನೆ. ಕಳ್ಳತನದಲ್ಲಿ ದೊಡ್ಡ ಪಾಲು ಯೋಜನೆ ಹಾಕಿ ಮಾಡುವುದಲ್ಲ, ಅವಕಾಶ ಕಂಡು ಮಾಡುವುದು. ಅವಕಾಶ ಮುಚ್ಚಿದರೆ ಎಷ್ಟೋ ಹುಡುಗರು ಕಳ್ಳರಾಗುವುದೇ ಇಲ್ಲ.

ಮೊಬೈಲ್ ಕಳವಿಗೆ ಈಗ ಸರ್ಕಾರದ ಸಿಇಐಆರ್ ಪೋರ್ಟಲ್ ಇದೆ. 2023ರ ಮೇ ತಿಂಗಳಿಂದ ದೇಶದ ಎಲ್ಲ ಕಡೆ ಸಿಗುತ್ತದೆ. ಕಳೆದ ಫೋನಿನ ಐಎಂಇಐ, ಅಂದರೆ ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್ ಹಾಕಿ ತಡೆಹಿಡಿದರೆ ಅದು ಯಾವ ಸಿಮ್ ಹಾಕಿದರೂ ಕೆಲಸ ಮಾಡುವುದಿಲ್ಲ. ಯಾರಾದರೂ ಬಳಸಲು ಹೋದರೆ ಪೊಲೀಸರಿಗೆ ಜಾಡು ಸಿಗುತ್ತದೆ. ಕದ್ದ ಫೋನಿಗೆ ಬೆಲೆ ಇಲ್ಲ ಅಂತಾದರೆ ಕದಿಯುವವರು ಯಾಕೆ ಕದಿಯುತ್ತಾರೆ? ನಮ್ಮ 4 ಜನರಲ್ಲಿ ಒಬ್ಬರಿಗೆ ಮಾತ್ರ ಇದು ಗೊತ್ತಿತ್ತು. ಫೋನಿನ ಡಬ್ಬಿ, ಬಿಲ್ಲು ಎಸೆಯಬೇಡಿ.

ಸರ ಕೀಳುವವರಿಗೂ ಒಂದು ಮಾರುಕಟ್ಟೆ ಇದೆ. ಕದ್ದ ಚಿನ್ನ ಯಾವನೋ ಒಬ್ಬನ ಅಂಗಡಿಗೆ ಹೋಗಲೇಬೇಕು. ಕರ್ನಾಟಕದಲ್ಲಿ ಗಿರವಿ ಅಂಗಡಿಗಳಿಗೆ 1961ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಲೆಕ್ಕದ ಪುಸ್ತಕ ಇಡಬೇಕು. ಆ ಪುಸ್ತಕಗಳನ್ನು ನಿಜವಾಗಿ ತೆಗೆದು ನೋಡುವ ವ್ಯವಸ್ಥೆ ಗಟ್ಟಿ ಆದರೆ, ನೂರು ಬೀದಿಗೆ ಕಾವಲು ಹಾಕುವ ಬದಲು ಹತ್ತು ಅಂಗಡಿಗೆ ಕಣ್ಣಿಟ್ಟರೆ ಸಾಕು.

ಕಾನೂನು ಬಿಗಿ ಮಾಡುವುದು

ಸರ ಕಳೆದುಕೊಂಡ ಅಮ್ಮನ ಕುತ್ತಿಗೆಯ ಗಾಯ ನಾನು ನೋಡಿದ್ದೇನೆ. ಸಿಟ್ಟು ಬರುತ್ತದೆ. ಶಿಕ್ಷೆ ಹೆಚ್ಚಿಸಿ ಅನ್ನುವ ಕೂಗು ಎಲ್ಲಿಂದ ಬರುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಆದರೆ ಕಾನೂನಿನಲ್ಲಿ ಈಗಾಗಲೇ ಏನಿದೆ ಅಂತ ನೋಡಿ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಕಿತ್ತುಕೊಂಡು ಓಡುವುದನ್ನೇ ಬೇರೆ ಅಪರಾಧ ಮಾಡಿದೆ, 3 ವರ್ಷದವರೆಗೆ ಜೈಲು. ರೌಡಿಗಳಿಗೆ ಗಡಿಪಾರು ಇದೆ. ಕರ್ನಾಟಕದ 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆಯೇ ಒಂದು ವರ್ಷದವರೆಗೆ ಒಳಗಿಡಬಹುದು. ಕಾನೂನಿಗೆ ಕೊರತೆ ಇಲ್ಲ.

ಕೊರತೆ ಇರುವುದು ಸಿಕ್ಕಿಬೀಳುವ ಭಯಕ್ಕೆ. ಅಪರಾಧಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಾ ಬಂದದ್ದು ಇದೇ: ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಹಿಡಿಯುತ್ತಾರೆ ಅನ್ನುವ ಖಾತ್ರಿ ಜನರನ್ನು ತಡೆಯುತ್ತದೆ. 3 ವರ್ಷವನ್ನು 10 ಮಾಡಿದರೂ, ನೂರಕ್ಕೆ ಐದು ಜನ ಮಾತ್ರ ಸಿಗುತ್ತಾರೆ ಅಂತ ಕಳ್ಳನಿಗೆ ಅನ್ನಿಸಿದರೆ ಅವನು ಆ 10 ವರ್ಷವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಸುಮಾರು ಮುಕ್ಕಾಲು ಭಾಗ ಇನ್ನೂ ವಿಚಾರಣೆ ಮುಗಿಯದವರು. ಅಂದರೆ ತಪ್ಪು ಮಾಡಿದವನಿಗೆ ಶಿಕ್ಷೆ ಯಾವಾಗ ಅಂತ ಗೊತ್ತಿಲ್ಲ, ತಪ್ಪು ಮಾಡದವನು ಕೂಡ ಒಳಗೇ ಇರಬಹುದು. ಬೇಲು ನಿಲ್ಲಿಸಿದರೆ ಈ ಎರಡನೆಯವನಿಗೆ ಏಟು ಬೀಳುತ್ತದೆ. ಅದರ ಬದಲು ಬಲವಾದ ತನಿಖೆ, ಬೇಗ ಮುಗಿಯುವ ವಿಚಾರಣೆ ಕೇಳಿ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಅದಕ್ಕೆ ರಾಜ್ಯಗಳಿಗೆ 5 ವರ್ಷ ಕಾಲಾವಕಾಶ ಇದೆ. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿಗೆ ಬಂತು ಅಂತ ಶಾಸಕರನ್ನು ಕೇಳಿದರೆ ಅದು ಅರ್ಥ ಇರುವ ಪ್ರಶ್ನೆ. ಜೈಲು ಬೇಡದ ಸಣ್ಣ ತಪ್ಪುಗಳಿಗೆ ಸಮುದಾಯ ಸೇವೆಯನ್ನೂ ಹೊಸ ಕಾನೂನು ಶಿಕ್ಷೆಯಾಗಿ ಸೇರಿಸಿದೆ, ಅದು ಒಳ್ಳೆಯ ಹೆಜ್ಜೆ.

ಫೋನಿನಲ್ಲಿ ಬರುವ ಕಳ್ಳ

ಇಲ್ಲಿ ಕ್ಯಾಮೆರಾ, ಬೀಟ್, ದೀಪ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,800 ಕೋಟಿ ರೂಪಾಯಿಗೂ ಹೆಚ್ಚು. ಅದರ ಹಿಂದಿನ ವರ್ಷದ ಸುಮಾರು ಮೂರು ಪಟ್ಟು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಈಗ ಜಿಲ್ಲೆ ಜಿಲ್ಲೆಗೂ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಸೆನ್ ಠಾಣೆ ಇದೆ. ಆದರೂ ಠಾಣೆಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹೋದ ದುಡ್ಡು ಯಾರದೋ ಬಾಡಿಗೆ ಖಾತೆಗೆ (ದುಡ್ಡಿನಾಸೆಗೆ ವಂಚಕರಿಗೆ ಬಳಸಲು ಕೊಟ್ಟ ಬ್ಯಾಂಕ್ ಖಾತೆ) ಬಂದು, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ಬ್ಯಾಂಕ್ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇದೆ. ನಮ್ಮ 6 ಜನರಲ್ಲಿ ನಾಲ್ವರು ಮರುದಿನ ಮಕ್ಕಳಿಗೆ ಹೇಳಿದರು, ನಾಚಿಕೆಯಿಂದ. ಒಬ್ಬರು ಮೂರು ದಿನ ಮನೆಯಲ್ಲೂ ಹೇಳಿರಲಿಲ್ಲ. ನಿವೃತ್ತ ಮೇಷ್ಟ್ರು, ಜೀವನದ ಉಳಿತಾಯ.

ಜಾಗೃತಿ ಜಾಥಾ, ಕರಪತ್ರ ಮಾಡುತ್ತಾರೆ. ಮಾಡಲಿ. ಪೊಲೀಸರ ಸೋಗಿನಲ್ಲಿ ವಿಡಿಯೊ ಕಾಲ್ ಮಾಡಿ ಹೆದರಿಸುವವರು ಹೇಳುವ "ಡಿಜಿಟಲ್ ಅರೆಸ್ಟ್" ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಅಂತ ಪ್ರತಿ ಮನೆಯ ಹಿರಿಯರಿಗೆ ಗೊತ್ತಾಗಬೇಕು. ಆದರೆ ಎಲ್ಲ ಭಾರವನ್ನೂ ಮೋಸ ಹೋದವರ ಎಚ್ಚರಿಕೆಯ ಮೇಲೆ ಹಾಕುವುದು ನ್ಯಾಯ ಅಲ್ಲ. ಬಾಡಿಗೆ ಖಾತೆ ತೆರೆಯಲು ಬಿಟ್ಟದ್ದು ಬ್ಯಾಂಕ್. ಸುಳ್ಳು ದಾಖಲೆಗೆ ಸಿಮ್ ಕೊಟ್ಟದ್ದು ಫೋನ್ ಕಂಪನಿಯ ಏಜೆಂಟ್. ಈ ಎರಡು ಬಾಗಿಲುಗಳ ಕೀಲಿ ಸರ್ಕಾರದ ಕೈಯಲ್ಲಿದೆ. ನಾನಾಗಿದ್ದರೆ ಕರಪತ್ರದ ದುಡ್ಡನ್ನು ತೆಗೆದು 1930ರಲ್ಲಿ ಕರೆ ಎತ್ತುವವರ ಸಂಖ್ಯೆ ಹೆಚ್ಚಿಸುತ್ತಿದ್ದೆ.

ನೋಟ್‌ಬುಕ್ಕಿನಲ್ಲಿ ಬರದದ್ದು

19 ಮನೆಯಲ್ಲಿ ಯಾರೂ ಹೇಳದ, ನಾನೂ ಕೇಳದ ಒಂದು ಅಪರಾಧ ಇದೆ. ಮನೆಯೊಳಗೆ ಬೀಳುವ ಏಟು. ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲೂ ಬಹುಪಾಲು ಆರೋಪಿ ಪರಿಚಿತನೇ. ಬೀದಿಯ ಕ್ಯಾಮೆರಾ ಇದನ್ನು ನೋಡುವುದಿಲ್ಲ. ಇದಕ್ಕೆ ಬೇಕಾದದ್ದು ಹೋಗಿ ಹೇಳಿಕೊಳ್ಳಲು ಒಂದು ಜಾಗ, ಕೇಳಿಸಿಕೊಳ್ಳಲು ಒಬ್ಬ ಹೆಣ್ಣುಮಗಳು. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಇದನ್ನು ಪರೀಕ್ಷಿಸಿದರು. ಮಹಿಳಾ ಸಹಾಯ ಮೇಜು ಇಟ್ಟ ಠಾಣೆಗಳಲ್ಲಿ ಮಹಿಳೆಯರ ದೂರುಗಳು ಹೆಚ್ಚು ದಾಖಲಾದವು. ಮೇಜಿನ ಹಿಂದೆ ಮಹಿಳಾ ಅಧಿಕಾರಿ ಇದ್ದ ಕಡೆ ಇನ್ನೂ ಹೆಚ್ಚು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ಕೋಣೆ, ತರಬೇತಿ, ಮಹಿಳಾ ಸಿಬ್ಬಂದಿ. ನಮ್ಮಲ್ಲಿ ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181 ಇವೆ, ನೊಂದ ಮಹಿಳೆಯರಿಗೆ ಸಾಂತ್ವನ ಕೇಂದ್ರಗಳಿವೆ. ನಿಮ್ಮ ಠಾಣೆಯಲ್ಲಿ ಸಂಜೆ 7ರ ಮೇಲೆ ಮಹಿಳಾ ಸಿಬ್ಬಂದಿ ಇರುತ್ತಾರಾ ಅಂತ ಒಮ್ಮೆ ಕೇಳಿ ನೋಡಿ.

ಇನ್ನು ಹುಡುಗರ ವಿಷಯ. ಅವರನ್ನು ಜೈಲಿಗೆ ಕರೆದುಕೊಂಡು ಹೋಗಿ ಖೈದಿಗಳಿಂದ ಹೆದರಿಸುವ ಕಾರ್ಯಕ್ರಮ ಅಮೆರಿಕದಲ್ಲಿ ತುಂಬಾ ಹೆಸರು ಮಾಡಿತ್ತು. ಪರೀಕ್ಷೆ ಮಾಡಿ ನೋಡಿದಾಗ ಹೋಗಿ ಬಂದ ಹುಡುಗರೇ ಹೆಚ್ಚು ತಪ್ಪು ಮಾಡಿದ್ದರು. ಹೆದರಿಕೆಯಿಂದ ಆಗದ್ದು ಕೆಲಸದಿಂದ ಆಯ್ತು. ಷಿಕಾಗೊದಲ್ಲಿ 2012ರಲ್ಲಿ ಬಡ ಬಡಾವಣೆಗಳ ಮಕ್ಕಳಿಗೆ ಬೇಸಿಗೆಯಲ್ಲಿ 8 ವಾರ ಸಂಬಳದ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಅವರು ಹಿಂಸೆಯ ಪ್ರಕರಣಗಳಲ್ಲಿ ಬಂಧನವಾದದ್ದು ಶೇ 43 ಕಡಿಮೆ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 2005ರಿಂದ ಚಾಕು ಹಿಡಿಯುವ ಹುಡುಗರ ಹಿಂಸೆಯನ್ನು ರೋಗದ ಹಾಗೆ ಕಂಡು, ಆಸ್ಪತ್ರೆ, ಶಾಲೆ, ಉದ್ಯೋಗ ಇಲಾಖೆ ಎಲ್ಲವನ್ನೂ ಪೊಲೀಸರ ಜೊತೆ ಕೂರಿಸಿದರು. ಮುಂದಿನ 10 ವರ್ಷದಲ್ಲಿ ಸ್ಕಾಟ್ಲೆಂಡಿನಲ್ಲಿ ಕೊಲೆಗಳು ಅರ್ಧಕ್ಕೂ ಕಡಿಮೆ ಆದವು. ಇದು ನಿಧಾನದ ದಾರಿ. ಒಂದು ಚುನಾವಣೆಯೊಳಗೆ ಫಲ ಕಾಣುವುದಿಲ್ಲ, ಅದಕ್ಕೇ ಯಾರೂ ಕೇಳುವುದಿಲ್ಲ.

ಹಾಗಾದರೆ ಏನು ಕೇಳುವುದು

ನಿಮ್ಮಲ್ಲಿ ಗಾಡಿ ಕಳವು ಜಾಸ್ತಿ ಇದ್ದರೆ, ಬಸ್ ನಿಲ್ದಾಣದ ಅಥವಾ ಮಾರುಕಟ್ಟೆಯ ಪಾರ್ಕಿಂಗಿಗೆ ಕ್ಯಾಮೆರಾ ಕೇಳಿ, ಅದನ್ನು ನೋಡುವ ವ್ಯಕ್ತಿಯ ಜೊತೆಗೇ ಕೇಳಿ. ಸರಗಳ್ಳತನ, ಮೊಬೈಲ್ ಕಸಿಯುವುದು ಒಂದೇ ರಸ್ತೆಯಲ್ಲಿ ಆಗುತ್ತಿದ್ದರೆ ಮೊದಲು ದೀಪ, ಆಮೇಲೆ ಗೊತ್ತಾದ ಹೊತ್ತಿನಲ್ಲಿ 15 ನಿಮಿಷ ನಿಲ್ಲುವ ಬೀಟ್. ಹೊಡೆದಾಟಗಳೆಲ್ಲ ಒಂದೇ ಬಾರಿನ ಸುತ್ತ ಆಗುತ್ತಿದ್ದರೆ ಆ ಬಾರಿನ ಸಮಯದ ಬಗ್ಗೆ ಅಬಕಾರಿ ಇಲಾಖೆಗೆ ಬರೆಯಿರಿ. ಹಳ್ಳಿಯಾಗಿದ್ದರೆ ಕಿರಾಣಿ ಅಂಗಡಿಯಲ್ಲಿ ಅಕ್ರಮವಾಗಿ ಮದ್ಯ ಮಾರುತ್ತಾರಾ ಅಂತ ನೋಡಿ, ಎಷ್ಟೋ ಕಡೆ ಮೂಲ ಅಲ್ಲೇ ಇರುತ್ತದೆ. ಮನೆಗಳ್ಳತನಕ್ಕೆ ಬೀಟ್ ಸಿಬ್ಬಂದಿಯ ಪರಿಚಯವೇ ದೊಡ್ಡದು. ಊರಿಗೆ ಹೋಗುವಾಗ ಅವರಿಗೆ ಹೇಳಿ ಹೋಗಿ.

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ನೋಟ್‌ಬುಕ್ಕಿನಿಂದ ಮಾಡಿ. ಏನು, ಎಲ್ಲಿ, ಎಷ್ಟು ಗಂಟೆಗೆ. ಒಂದು ವಾರದ ಕೆಲಸ. ದೂರು ಕೊಡದವರನ್ನು ಕರೆದುಕೊಂಡು ಹೋಗಿ ಕೊಡಿಸಿ. ನಾವು 13 ಜನರಲ್ಲಿ 9 ಜನರನ್ನು ಒಪ್ಪಿಸಿದೆವು. ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಮೊದಲ ದಿನ ಮುಖ ಸಣ್ಣ ಮಾಡಿದರು, ಎರಡನೇ ದಿನ ಅವರೇ ಕುರ್ಚಿ ಹಾಕಿದರು.

ನಮ್ಮ ಮನವಿ ಒಂದೇ ಪುಟದ್ದು. ಕ್ಯಾಮೆರಾ ಅನ್ನುವ ಪದ ಅದರಲ್ಲಿ ಒಂದೇ ಸಲ ಬರುತ್ತದೆ, ಬಸ್ ಸ್ಟಾಪಿನ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ. ಸಂಜೆ 6.30ರಿಂದ 8.30ರ ನಡುವೆ ಪಾರ್ಕಿನ ಹಿಂದಿನ ಗೇಟಿನ ಹತ್ತಿರ ಎರಡು ಸಲ ಬೀಟ್ ಬರಬೇಕು ಅಂತ ಎರಡನೇ ಕೋರಿಕೆ. ಮೊದಲನೇ ಕೋರಿಕೆಯ ಕೆಳಗೆ ದೀಪ ಉರಿಯದ ಆ 4 ಕಂಬಗಳ ನಂಬರ್ ಬರೆದಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ 3ರಲ್ಲಿ ದೀಪ ಬಂದಿದೆ.